ಎರಡರಿಂದ ಮೂರರ ತಾಸು

ಕಣ್ಣು ಬಿಟ್ಟಾಗ ಅನೀಲಕುಮಾರನಿಗೆ ಮೊದಲು ಕಂಡದ್ದು ತನ್ನ ಟಂಟಂ ಗಾಡಿಯ ಹರಿದ ಮೇಲ್ಹೊದಿಕೆ. ಆಮೇಲೆ ಮೊಬೈಲು. ಐದಕ್ಕೆ ಹತ್ತು ನಿಮಿಷ ಕಮ್ಮಿ. ಧಡಕ್ಕನೆ ಎದ್ದು ಕೂತ. ಎರಡರಿಂದ ಮೂರು ಅವನ ತಾಸು. ಹಿಂದಿನ ಸೀಟಿಗೆ ಮೊಣಕೈಯೂರಿ ಪ್ರಾರ್ಥನೆಗೆ ಕಣ್ಣು ಮುಚ್ಚಿದವನು ಅಲ್ಲೇ ಹೆಣದ ಹಾಗೆ ಬಿದ್ದುಕೊಂಡಿದ್ದ.

ನಿಂಬರ್ಗಾದ ಅವರ ಪುಟ್ಟ ಕ್ರೈಸ್ತ ಸಭೆಯಲ್ಲಿ ಪ್ರತಿ ಶನಿವಾರ ಸರಪಳಿ ಪ್ರಾರ್ಥನೆ. ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ ಹನ್ನೆರಡು ಮಂದಿ, ತಲೆಗೊಂದು ತಾಸು. ಹೊಲದಲ್ಲಿರಲಿ, ಮನೆಯಲ್ಲಿರಲಿ, ತಾಸು ಮುಗಿದ ಕೂಡಲೇ ಮುಂದಿನವರಿಗೆ ಮಿಸ್ಡ್ ಕಾಲ್ ಕೊಡಬೇಕು. ಈ ಪದ್ಧತಿ ತಂದವನೇ ಅನೀಲ. ವಾರವಿಡೀ ಆಳಂದಕ್ಕೆ ಸವಾರಿ, ಬುಧವಾರ ಮನೆಪ್ರಾರ್ಥನೆ, ಶುಕ್ರವಾರ ಉಪವಾಸ, ರವಿವಾರ ಹೊಲದ ವಸ್ತಿಗಳಿಂದ ವಿಶ್ವಾಸಿಗಳನ್ನು ಪುಕ್ಕಟೆ ಹೊತ್ತು ತರುವುದು. ಸುಮ್ಮನೆ ಕೂತವರನ್ನು ಕಂಡರೆ ಅವನಿಗೆ ಮೈಯುರಿ.

ಆ ಉರಿಯಲ್ಲೇ ಹೋದ ತಿಂಗಳು ಮಾಳಿಂಗನನ್ನು ಸುಟ್ಟಿದ್ದ. ಮಾಳಿಂಗ ತೊಗರಿ ಕೊಯ್ಯುವ ಕೂಲಿಯವನು, ಅನೀಲನ ಅಪ್ಪನ ವಯಸ್ಸು. ಒಂದರಿಂದ ಎರಡು ಅವನ ತಾಸಿತ್ತು. ಮಿಸ್ಡ್ ಕಾಲ್ ಬಂದದ್ದು ಎರಡೂ ಇಪ್ಪತ್ತಕ್ಕೆ. "ಕಣ್ಣ ಹತ್ತಿದ್ವು ತಮ್ಮಾ" ಎಂದು ನಿಜವನ್ನೇ ಹೇಳಿದ್ದ. ಮರುದಿನ ಆರಾಧನೆಗೆ ಬಂದವರೆಲ್ಲ ಓದುವ ಹಾಗೆ, ಹಾಡಿನ ನಂಬರು ಬರೆಯುವ ಬೋರ್ಡಿನ ಮೇಲೆ ಅನೀಲ ಸೀಮೆಸುಣ್ಣದಿಂದ ಬರೆದಿದ್ದ: ಮಲಗಿದವರು, ಮಾಳಿಂಗ. ನಾಲ್ಕು ಜನ ನಕ್ಕರು. ಮಾಳಿಂಗ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಮತ್ತೆ ಬರಲಿಲ್ಲ.

ಈಗ ಆ ಅಕ್ಷರಗಳು ಅನೀಲನ ಕಣ್ಣೊಳಗೇ ಎದ್ದು ನಿಂತವು. ತನ್ನ ನಂತರದ ತಾಸಿನ ರೇವಮ್ಮನ ಮನೆಗೆ ಓಡಿದ. ಮುದುಕಿ ಅಂಗಳದಲ್ಲಿ ಬೇಳೆ ಹಸನು ಮಾಡುತ್ತಿದ್ದಳು.

"ಆಯಿ, ಸರಪಳಿ ಹರೀತು. ನನ್ನಿಂದ."

"ಎಲ್ಲಿ ಹರದಾದ? ನಿನ್ನ ಕಾಲ್ ಬರಲಿಲ್ಲಂತ ಗಾಡಿ ಮಟ ಬಂದಿದ್ದೆ. ಬಾಯಿ ತೆರಕೊಂಡು ಬಿದ್ದಿದ್ದಿ, ನೊಣ ಒಳಗ ಹೋಗಿ ಹೊರಗ ಬರಾಕತ್ತಿದ್ವು. ಅಲ್ಲೇ ಕುಂತು ನಿಂದೂ ನಂದೂ ಕೂಡೇ ಮುಗಿಸಿ, ನಾಕಕ್ಕ ಮುಂದಿನವರಿಗೆ ಕೊಟ್ಟೇನಿ."

"ಯಾಕ ಎಬ್ಬಸಲಿಲ್ಲ?"

"ಆರ ದಿನ ದುಡದು ದೇವರೇ ಏಳನೇ ದಿನ ಕುಂತಾನ. ನೀ ಯಾವ ದೊಡ್ಡ ಸಾಹೇಬ ಲೇ? ನೀ ನಿದ್ದಿ ಕಂಡು ಎಷ್ಟು ದಿನ ಆತು?"

ಲೆಕ್ಕ ಅವನಿಗೇ ಗೊತ್ತಿರಲಿಲ್ಲ. ಸಿಟ್ಟು ಬಂತು. "ನಾಕ ಮಾತು ಬೈಬೇಕಿತ್ತು ನೀ ನನಗ!"

"ಬೈಯೂದು ನಿನ್ನ ಕೆಲಸ" ಎಂದಳು ರೇವಮ್ಮ, ತಲೆಯೆತ್ತದೆ. "ಮಾಳಿಂಗನ್ನ ಬೈದಿದ್ದಿಲ್ಲ? ಅವಂಗೂ ನಿನಗೂ ನಿದ್ದಿ ಒಂದೇ."

ಅಲ್ಲಿಂದ ಮಾಳಿಂಗನ ಮನೆ ದೂರವೇನಿಲ್ಲ. ಆದರೂ ಅನೀಲ ಎರಡು ಸಲ ದಾರಿ ತಪ್ಪಿಸಿ ತಿರುಗಿದ. ಹೋದಾಗ ಮಾಳಿಂಗ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದ.

"ಏನ್ರೀ ಲೀಡರ್? ಇಲ್ಲಿ ಬೋರ್ಡ್ ಇಲ್ಲರಿ ಬರಿಯಾಕ."

"ಕಾಕಾ, ಇವತ್ತು ನಾನೂ ಮಲ್ಕೊಂಡೆ."

ಸೂಜಿ ನಿಂತಿತು. "ಎಷ್ಟೊತ್ತು?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ನುಂಗಿದ. "ಮೂರು ತಾಸಿಗೆ ಹತ್ತು ನಿಮಿಷ ಕಮ್ಮಿ."

"ನಂದು ಇಪ್ಪತ್ತೇ ನಿಮಿಷ ಇತ್ತು" ಎಂದ ಮಾಳಿಂಗ, ಮೆಲ್ಲಗೆ. "ಹೊತ್ತು ಹುಟ್ಟೂಕ ಮುಂಚೆ ಹೊಲಕ್ಕ ಹೋಗಿದ್ದೆ ಅವತ್ತು. ಹೇಳೂದ್ರೊಳಗ ನೀ ಬೋರ್ಡ್ ಮ್ಯಾಲ ಬರದ ಬಿಟ್ಟಿದ್ದಿ."

"ನಾಳೆ ಬರ್ರಿ ಕಾಕಾ. ಗಾಡಿ ತರ್ತೇನಿ."

"ನಿನ್ನ ಗಾಡಿ ಬ್ಯಾಡ. ಬಂದ್ರ ನಡಕೋತ ಬರ್ತೇನಿ." ಮತ್ತೆ ಸೂಜಿ ಓಡಿತು. ಕ್ಷಮಿಸಿದೆ ಎನ್ನಲಿಲ್ಲ. ಅನೀಲನೂ ಕೇಳಲಿಲ್ಲ, ಕೇಳುವ ಮುಖ ಇರಲಿಲ್ಲ.

ರವಿವಾರ ಎಲ್ಲರಿಗಿಂತ ಮೊದಲೇ ಬಂದು, ಹಾಡಿನ ನಂಬರಿನ ಕೆಳಗೆ ಅದೇ ಕೈಯಿಂದ ಬರೆದ: ಮಲಗಿದವರು, ಅನೀಲಕುಮಾರ, ಮೂರು ತಾಸು. ಜನ ಓದಿದರು. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು.

ಎರಡನೆಯ ಹಾಡಿಗೆ ಮಾಳಿಂಗ ಬಂದ. ಬಾಗಿಲಲ್ಲೇ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಬೋರ್ಡು ಓದಿದ. ಮುಖದಲ್ಲಿ ಏನೂ ಕಾಣಲಿಲ್ಲ. ಗೋಡೆಗೊರಗಿ, ಅನೀಲನ ಪಕ್ಕ ಖಾಲಿಯಿದ್ದ ಚಾಪೆಯ ತುದಿಯಲ್ಲಿ ಕೂತ.

ಪಾಸ್ಟರ್ ಅವರ ಪ್ರಸಂಗ ಉದ್ದವಾಯಿತು. ಮಾಳಿಂಗನ ತಲೆ ಮೆಲ್ಲಗೆ ವಾಲಿತು, ಬಾಯಿ ತೆರೆಯಿತು. ಹಳೆಯ ಚಟಕ್ಕೆ ಅನೀಲನ ಕೈ ಅವನನ್ನು ತಿವಿಯಲು ಎದ್ದಿತು.

ಎದ್ದ ಕೈಯನ್ನು ಅನೀಲ ನೋಡಿದ. ಬೆರಳಿಗೆ ಸೀಮೆಸುಣ್ಣ ಇನ್ನೂ ಹತ್ತಿತ್ತು. ಮಾಳಿಂಗನ ತುಟಿಯ ಮೇಲೆ ಕೂರಲು ಬಂದ ನೊಣವನ್ನು ಆ ಕೈಯಿಂದಲೇ ಓಡಿಸಿದ. ಪ್ರಸಂಗ ಮುಗಿಯುವ ತನಕ ಓಡಿಸುತ್ತಲೇ ಇದ್ದ.