ಎರಡು ಗಂಟೆಯ ಕೆಲಸ

"ತೋಳು ಹೋಗ್ತಿಲ್ಲ ಕಣೇ. ಹಿಂದುಗಡೆ ಕತ್ತರಿಸಿಬಿಡು," ಎಂದಳು ಗುಂಡಿಯಕ್ಕ, ಹೆಣದ ಬಲಗೈಯನ್ನು ಮೆಲ್ಲಗೆ ಕೆಳಗಿಡುತ್ತ.

ಕಾಲರಕ್ಕ ಕತ್ತರಿ ಎತ್ತಿಕೊಂಡಳು. ಈಗ ಹೆಣವಾಗಿ ಮಲಗಿದ್ದ ತಂಗಿ ತನಗಾಗಿ ಹೊಲಿದುಕೊಂಡಿದ್ದ ನೀಲಿ ಅಂಗಿ ಅದು. ಬೆನ್ನುದ್ದಕ್ಕೂ ಸೀಳಿದರೆ ಮುಂದಿನಿಂದ ತೊಡಿಸಿ, ಅಂಚುಗಳನ್ನು ಬೆನ್ನಡಿಗೆ ಮಡಚಬಹುದು, ನೋಡುವವರಿಗೆ ಗೊತ್ತಾಗುವುದಿಲ್ಲ. ಸೀಳುವ ಮುಂಚೆ ಅವಳು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಾಲರನ್ನು ತಿರುವಿ ನೋಡಿದಳು. ತುದಿಗಳೆರಡೂ ಸಮ, ಒಳಗೆ ಸುಕ್ಕಿಲ್ಲ. ಪಕ್ಕದ ಹೊಲಿಗೆ, ತೋಳಿನ ಸುತ್ತು, ಕೆಳಗಿನ ಮಡಿಕೆ. ಎಲ್ಲಾದರೂ ಒಂದು ಕಡೆ ಡೊಂಕಾಗಿರಬಾರದೇ!

"ಏನೇ ಅದು? ಫ್ಯಾಕ್ಟರಿ ಮಾಲಾ ಇದು, ಚೆಕಿಂಗ್ ಮಾಡೋಕೆ?"

"ಸುಮ್ನಿರೇ ನೀನು."

ಡೊಂಕು ಸಿಗಲಿಲ್ಲ. ಮುಂದೆ ತಣ್ಣಗೆ ಮಲಗಿದ್ದವಳ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು. ಕತ್ತರಿ ಹಾಕಿದಳು.

ಮೂವರೂ ಒಂದೇ ಅಂಗಿ ಫ್ಯಾಕ್ಟರಿಯವರು. ಅಲ್ಲಿ ಹೆಂಗಸರನ್ನು ಕರೆಯುವುದು ಅವರು ಹೊಲಿಯುವ ತುಂಡಿನಿಂದ. ಆಯುಸ್ಸಿಡೀ ಕಾಲರು ಹೊಲಿದು ತಿರುವಿದವಳು ಕಾಲರಕ್ಕ, ಗುಂಡಿ ಹಾಕುವವಳು ಗುಂಡಿಯಕ್ಕ. ತಂಗಿ ತೋಳು ಕೂಡಿಸುತ್ತಿದ್ದಳು, ಬಟ್ಟೆಯ ದೊಡ್ಡ ಸುರುಳಿಗಳು ಅಟ್ಟದಿಂದ ಅವಳ ಮೇಲೆ ಉರುಳುವವರೆಗೆ. ಕಂಪನಿ ಅವಳ ಸೊಂಟ ಮುರಿಯಿತು. ಸರ್ಕಾರ ಅದಕ್ಕೆ ಅಂಗವಿಕಲರ ಭತ್ಯೆ ಕೊಟ್ಟಿತು. ಕೊಟ್ಟು, ಸೊಂಟ ಈಗಲೂ ಮುರಿದೇ ಇದೆಯೇ ಎಂದು ವರ್ಷ ವರ್ಷವೂ ಕೇಳುತ್ತಿತ್ತು. ನಿನ್ನೆ ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೇರಿ, ಮಧ್ಯಾಹ್ನ ಮಲಗಿದವಳು ಏಳಲಿಲ್ಲ.

"ಹೊರಗೆ ಜನ ನೋಡಿದ್ಯಾ? ಮೆಟ್ಟಿಲ ಮೇಲೂ ನಿಂತಿದಾರೆ. ಅರ್ಧಕ್ಕರ್ಧ ಜನ ಇವಳು ಹೊಲಿದದ್ದನ್ನೇ ಹಾಕ್ಕೊಂಡು ಬಂದಿದಾರೆ," ಎಂದಳು ಗುಂಡಿಯಕ್ಕ.

ಕಾಲರಕ್ಕ ನೋಡಿದ್ದಳು. ತಾನು ಸತ್ತರೆ ಯಾರು ಬರುತ್ತಾರೆ ಎಂದು ಎಣಿಸಿಯೂ ಇದ್ದಳು. ಊರಲ್ಲಿ ಅರ್ಧ ಜನರ ಕತ್ತಿನ ಸುತ್ತ ತನ್ನ ಕಾಲರಿದೆ. ಒಬ್ಬರಿಗೂ ಅದು ತನ್ನದೆಂದು ಗೊತ್ತಿಲ್ಲ.

*

ಹಿಂದೊಮ್ಮೆ, ಸ್ವಂತ ಹೊಲಿಗೆಗೆ ಒಪ್ಪಿಗೆ ಕೇಳಲು ಭತ್ಯೆ ಇಲಾಖೆಯ ಕಚೇರಿಗೆ ತಂಗಿಯನ್ನು ಕರೆದುಕೊಂಡು ಹೋದದ್ದು ಕಾಲರಕ್ಕನೇ. ಎಲ್ಲರೂ ಬೆಂಚಿನ ಮೇಲೆ ಕೂತಿದ್ದರು. ತಂಗಿ ಮಾತ್ರ ಗೋಡೆಗೆ ಒರಗಿ ನಿಂತಿದ್ದಳು. ಕೂರಲು ಅವಳಿಗೆ ಆಗುತ್ತಿರಲಿಲ್ಲ.

"ಯಾಕೆ ಬೇಕೇ ಇದೆಲ್ಲ? ಬರ್ತಿರೋದು ಸುಮ್ನೆ ಬರ್ತಿದೆ."

"ಮಲಗಿ ಮಲಗಿ ತಾರಸಿ ಬಿರುಕಿಗೆಲ್ಲ ಹೆಸರಿಟ್ಟಾಯ್ತಕ್ಕ. ಇನ್ನು ನಾಮಕರಣಕ್ಕೆ ಬಿರುಕೇ ಉಳಿದಿಲ್ಲ."

ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. "ಕೆಲಸ ಮಾಡೋಕಾಗಲ್ಲ ಅಂತ ಭತ್ಯೆ ತಗೋತೀರಿ. ಈಗ ಸ್ವಂತ ಹೊಲಿಗೆ ಶುರು ಮಾಡ್ತೀನಿ ಅಂತೀರಿ. ಎರಡ್ರಲ್ಲಿ ಯಾವುದಮ್ಮ ನಿಜ?"

"ಎರಡೂ ನಿಜ ಸ್ವಾಮಿ. ಫ್ಯಾಕ್ಟರಿಯವರು ಹೇಳಿದಷ್ಟು ಹೊತ್ತು, ಅವರು ಹೇಳಿದ ಹಾಗೆ ಕೂತು ಮಾಡೋಕೆ ನನ್ನ ಕೈಲಾಗಲ್ಲ. ನನಗಾದಷ್ಟು, ನನಗಾದ ಹಾಗೆ ಮಾಡ್ತೀನಿ. ಅದಕ್ಕೆ ನಿಮ್ಮ ಕಾನೂನಲ್ಲಿ ಜಾಗ ಇಲ್ವಾ?"

ಇತ್ತು. ದಿನಕ್ಕೆ ಎರಡು ಗಂಟೆ. ಅಷ್ಟರೊಳಗಿದ್ದರೆ ಭತ್ಯೆಯೂ ಉಳಿಯುತ್ತದೆ, ದುಡಿಮೆಯೂ ಅವಳದೇ. ಕಚೇರಿಯಿಂದ ಹೊರಬರುತ್ತ ತಂಗಿ ಅಕ್ಕನ ಭುಜಕ್ಕೆ ಜೋತುಬಿದ್ದು ಹುಡುಗಿಯಂತೆ ನಕ್ಕಳು. ಆ ನಗು ಕಾಲರಕ್ಕನ ಎದೆಯಲ್ಲಿ ಮುಳ್ಳಾಗಿ ನಿಂತಿತು. ಇಡೀ ಅಂಗಿ ಹೊಲಿಯುತ್ತಾಳಂತೆ! ತಾನು ಜನ್ಮದಲ್ಲಿ ಒಂದು ಇಡೀ ಅಂಗಿ ಹೊಲಿದವಳಲ್ಲ.

*

ಅಂಗಿ ತೊಡಿಸಿ ಮುಗಿಸುವಷ್ಟರಲ್ಲಿ ಬಾಗಿಲ ಬಳಿ ಗದ್ದಲವಾಯಿತು. ಕಂಕುಳಲ್ಲಿ ಚೀಲವಿದ್ದ ಸಣಕಲು ಮನುಷ್ಯನೊಬ್ಬ ಚಪ್ಪಲಿಗಳ ರಾಶಿ ದಾಟಲು ತಿಣುಕುತ್ತಿದ್ದ.

"ಭತ್ಯೆ ಇಲಾಖೆಯಿಂದ ಬಂದಿದೀನಿ, ತಪಾಸಣೆಗೆ. ಅವರಿದ್ದಾರಾ?"

ಬಾಗಿಲಲ್ಲಿದ್ದ ಪಕ್ಕದ ಬೀದಿಯ ಬಡಗಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಇದ್ದಾರೆ. ಮಲಗಿದ್ದಾರೆ."

"ಸ್ವಲ್ಪ ಎಬ್ಬಿಸ್ತೀರಾ?"

"ನಮ್ಮ ಕೈಲಾಗಲ್ಲ ಸಾರ್. ಸರ್ಕಾರ ಬೇಕಾದ್ರೆ ಪ್ರಯತ್ನ ಮಾಡ್ಲಿ."

ಮೆಟ್ಟಿಲ ಮೇಲೆ ಯಾರೋ ಕಿಸಕ್ಕೆಂದು ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು. ಅಧಿಕಾರಿ ಒಳಗೆ ಇಣುಕಿದ. ಹೆಣ ಕಂಡು ಮುಖ ಬಿಳಿಚಿತು. ಹಿಂದೆ ಸರಿದ, ಆದರೆ ಹೋಗಲಿಲ್ಲ.

"ಕ್ಷಮಿಸಿ. ನನಗೆ ತಿಳಿದಿರಲಿಲ್ಲ. ಆದ್ರೆ ಒಂದು ದೂರಿದೆ. ಇವರು ಬೆಳಿಗ್ಗೆಯಿಂದ ಸಂಜೆವರೆಗೂ ಹೊಲೀತಾರೆ ಅಂತ. ವ್ಯಕ್ತಿ ಸತ್ತರೂ ದೂರು ಸಾಯೋದಿಲ್ಲಮ್ಮ, ನಮ್ಮಲ್ಲಿ. ಸುಳ್ಳು ಅಂತ ಆಗದಿದ್ರೆ ಇಷ್ಟು ದಿನ ಕೊಟ್ಟದ್ದೆಲ್ಲ ವಾಪಸ್ ಹಿಡಿಯೋದು. ಮಷಿನು, ಸಾಮಾನು, ಎಲ್ಲಾ ಸೇರಿಸಿ."

ಮೂಲೆಯಲ್ಲಿ ಕೂತಿದ್ದ ತಂಗಿಯ ಮಗಳು ತಲೆ ಎತ್ತಿದಳು. ಈಗಷ್ಟೇ ಹದಿನೆಂಟು ದಾಟಿದ ಹುಡುಗಿ. ಅಮ್ಮನ ಗಿರಾಕಿಗಳು ಇನ್ನು ಅವಳವರು, ಮಷಿನು ಅವಳದು ಎಂದು ಬೆಳಿಗ್ಗೆಯಷ್ಟೇ ಎಲ್ಲರೂ ಹೇಳಿದ್ದರು.

"ಯಾರು ಕೊಟ್ಟದ್ದು ದೂರು?"

"ಹೆಸರು ಹೇಳೋ ಹಾಗಿಲ್ಲ. ಕೊಟ್ಟವರೇ ಮುಂದೆ ಬಂದು, ತಪ್ಪು ತಿಳಿದಿದ್ದೆ ಅಂತ ರುಜು ಹಾಕಿದ್ರೆ ಇಲ್ಲಿಗೇ ಮುಗಿಯುತ್ತೆ."

"ಅವರ ನಾಲಿಗೆಗೆ ಹುಳ ಬೀಳ!" ಗುಂಡಿಯಕ್ಕ ಎದ್ದೇ ನಿಂತಳು. "ಮಷಿನು ಹೋದ್ರೆ ಈ ಮಗು ಎಲ್ಲಿಗೆ ಹೋಗ್ಬೇಕು? ಫ್ಯಾಕ್ಟರಿಗೇ. ನಿನ್ನ ಪಕ್ಕದ ಸೀಟು ಖಾಲಿ ಇದೆಯಲ್ಲೇ ಕಾಲರಕ್ಕ, ಅಲ್ಲಿಗೇ."

ಕಾಲರಕ್ಕನ ಗಂಡ ಎಂದೋ ಬಿಟ್ಟುಹೋಗಿದ್ದ, ಮಕ್ಕಳಿರಲಿಲ್ಲ. ಈ ಹುಡುಗಿ ದಿನವೂ ತನ್ನ ಪಕ್ಕ ಕೂರುವುದು, ತುದಿ ತಿರುವುವುದನ್ನು ತಾನು ಕಲಿಸುವುದು, ಒಂದೇ ಡಬ್ಬಿಯಿಂದ ಉಣ್ಣುವುದು, ಎಲ್ಲವೂ ಕಣ್ಣ ಮುಂದೆ ಬಂದು ನಿಂತಿತು. ಸುಮ್ಮನಿದ್ದರೆ ಸಾಕು. ಏನೂ ಮಾಡಬೇಕಾಗಿಲ್ಲ.

*

ದೂರಿನ ಫೋನು ಕಾಲರಕ್ಕ ಮಾಡಿದ್ದು ಊಟದ ಬಿಡುವಿನಲ್ಲಿ, ಫ್ಯಾಕ್ಟರಿಯ ಗೇಟಿನ ಹೊರಗೆ ನಿಂತು. ಆ ಬೆಳಿಗ್ಗೆ ಸೂಪರ್‌ವೈಸರಮ್ಮ ಹೊಸ ಅಂಗಿ ತೊಟ್ಟು ಸಾಲಿನ ನಡುವೆ ಸುಳಿದಾಡಿದ್ದಳು.

"ನಿನ್ನ ತಂಗಿ ಹೊಲಿದದ್ದು. ಏನು ಕೈ ಮಾರಾಯ್ತಿ ಅವಳದ್ದು! ಮುಂಚೆಯೇ ಸೊಂಟ ಮುರೀಬೇಕಿತ್ತು ಅವಳಿಗೆ, ಇಲ್ಲಿ ಸುಮ್ನೆ ತೋಳು ಹಿಡ್ಕೊಂಡು ಕೂತಿದ್ಲು." ಸಾಲಿಗೆ ಸಾಲೇ ನಕ್ಕಿತು. ಆಮೇಲೆ ಅವಳು ಕಾಲರಕ್ಕನ ಮುಂದಿನ ರಾಶಿಯಿಂದ ಒಂದನ್ನೆತ್ತಿ, "ಇದನ್ನ ಬಿಚ್ಚಿ ಹಾಕು, ತುದಿ ಮೊಂಡಾಗಿದೆ," ಎಂದು ಎಸೆದಿದ್ದಳು.

ಮನೆಗಳೆರಡಕ್ಕೂ ನಡುವೆ ಒಂದೇ ಗೋಡೆ. ರಜೆಯ ದಿನ ಅವಳು ಕೇಳಿಸಿಕೊಂಡಿದ್ದಳು. ಬೆಳಿಗ್ಗೆ ಗರ್ರೆಂದ ಮಷಿನು ಸಂಜೆಯೂ ಗರ್ರೆನ್ನುತ್ತಿತ್ತು. ನಡುನಡುವೆ ನಿಲ್ಲುತ್ತಿತ್ತು ನಿಜ. ಫ್ಯಾಕ್ಟರಿಯ ಕಿವಿ ಅದನ್ನು ಬಿಡುವೆಂದು ಕೇಳಿಸಿಕೊಳ್ಳುವುದಿಲ್ಲ. ಮಷಿನು ನಿಂತರೆ ಕತ್ತರಿಸುತ್ತಿದ್ದಾಳೆ, ಇಸ್ತ್ರಿ ಮಾಡುತ್ತಿದ್ದಾಳೆ, ಹಾಲು ಕಾಯಿಸಿ ಗಿರಾಕಿಗೆ ಕೊಟ್ಟು ಹರಟುತ್ತಿದ್ದಾಳೆ. ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗಿನದೆಲ್ಲ ಕೆಲಸವೇ. ಫೋನಿನಲ್ಲಿ ಅವಳು ಸುಳ್ಳು ಹೇಳಲಿಲ್ಲ, ಕೇಳಿಸಿದ್ದನ್ನು ಹೇಳಿದಳು.

*

"ಬನ್ನಿ, ತೋರಿಸ್ತೀನಿ," ಎಂದಳು ಹುಡುಗಿ.

ಎಲ್ಲರೂ ಒಳಕೋಣೆಯ ಬಾಗಿಲಿಗೆ ಬಂದರು. ಕಾಲರಕ್ಕ ಬಹಳ ದಿನಗಳಿಂದ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಹೊಗಳಿಕೆ ಕೇಳಬೇಕಾಗುತ್ತದಲ್ಲ ಎಂದು. ಮಷಿನು ಮೇಜಿನ ಮೇಲಿರಲಿಲ್ಲ. ಎದೆಯ ಮಟ್ಟಕ್ಕೆ ಎತ್ತರಿಸಿದ ಮರದ ಚೌಕಟ್ಟಿನ ಮೇಲಿತ್ತು. ಹಿಂದಿನ ಗೋಡೆಯ ಎರಡು ಕೊಂಡಿಗಳಿಂದ ಅಗಲವಾದ ಪಟ್ಟಿ ಇಳಿಬಿದ್ದಿತ್ತು.

"ಅಮ್ಮ ಕೂರೋ ಹಾಗಿರಲಿಲ್ಲ. ನಿಂತು ಹೀಗೆ ಕಟ್ಕೋತಿದ್ಲು." ಹುಡುಗಿ ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಂಡು ಮಷಿನಿನ ಕೈಹಿಡಿ ತಿರುಗಿಸಿದಳು. ಗರ್... "ಇಷ್ಟು. ಕಾಲು ಮರಗಟ್ಟೋದು. ಬಿಚ್ಕೊಂಡು ನೆಲದ ಮೇಲೆ ಬೀಳೋಳು. ಮತ್ತೆ ಕಾಲಿಗೆ ಜೀವ ಬರೋವರೆಗೂ ಅಲ್ಲೇ. ಒಂದು ಕಾಲರಿಗೆ ನಾಲ್ಕು ಸಲ ಮಲಗ್ತಿದ್ಲು. ಎರಡು ಗಂಟೆ ಕೆಲಸಾನ ಇಡೀ ದಿನಕ್ಕೆ ಹಂಚ್ಕೊಂಡಿದ್ಲು ನಮ್ಮಮ್ಮ."

"ಆ ಚೌಕಟ್ಟು ನಾನೇ ಮಾಡಿದ್ದು. ಮೂರು ಸಲ ಎತ್ತರ ಬದಲಾಯಿಸಿದೆ," ಎಂದ ಬಡಗಿ.

ಕಾಲರಕ್ಕ ನೆಲ ನೋಡಿದಳು. ಅಲ್ಲಿ ಚಾಪೆ, ಚಪ್ಪಟೆಯಾದ ಒಂದು ದಿಂಬು. ತಾನು ಹರಟೆಯೆಂದುಕೊಂಡ ಮೌನಗಳೆಲ್ಲ ಆ ಚಾಪೆಯ ಮೇಲಿದ್ದವು. ಆದರೂ ಹೊಟ್ಟೆಯ ಉರಿ ಆರಲಿಲ್ಲ. ಹೀಗೆ ಬಿದ್ದೆದ್ದು ಹೊಲಿದರೂ ಕಾಲರು ಅಷ್ಟು ಚೆಂದ ಬರುತ್ತಿತ್ತಲ್ಲ!

"ದೊಡ್ಡಮ್ಮ, ನೀನೇ ಹೇಳು," ಹುಡುಗಿ ಪಟ್ಟಿ ಬಿಚ್ಚುತ್ತ ತಿರುಗಿದಳು. "ಗೋಡೆ ಆಚೆ ಇರೋಳು ನೀನು. ನಿನಗಿಂತ ಯಾರಿಗೆ ಗೊತ್ತು?"

ಎಲ್ಲರ ಮುಖಗಳೂ ಅವಳತ್ತ ತಿರುಗಿದವು. ಹುಡುಗಿಯ ಕಣ್ಣಲ್ಲಿ ಕಿಂಚಿತ್ತೂ ಅನುಮಾನವಿರಲಿಲ್ಲ. ಅದನ್ನೇ ಕಾಲರಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ.

"ಇವಳು ಹೇಳಿದ್ದು ನಿಜ," ಎಂದಳು ಕಾಲರಕ್ಕ.

"ನೀವು ಸಂಬಂಧಿಕರಲ್ವಾ?" ಅಧಿಕಾರಿ ನಿಟ್ಟುಸಿರಿಟ್ಟ. "ಸಂಬಂಧಿಕರ ಮಾತು ಲೆಕ್ಕಕ್ಕೆ ಬರಲ್ಲಮ್ಮ."

"ಯಾಕೆ ಬರಲ್ಲ?" ಅವಳ ದನಿ ಥಟ್ಟನೆ ಏರಿತು. "ಫೋನಲ್ಲಿ ಹೇಳಿದಾಗ ಬಂತಲ್ಲ? ಆಗ ಇದೇ ಸಂಬಂಧಿಕಳ ಮಾತೇ ಅಲ್ವಾ ನೀವು ಬರ್ಕೊಂಡಿದ್ದು?"

ಮಾತು ಹೊರಗೆ ಬಿದ್ದಿತ್ತು. ಅಧಿಕಾರಿ ಯಾರ ಮುಖವನ್ನೂ ನೋಡದೆ ಚೀಲದಿಂದ ಹಾಳೆ ತೆಗೆದ. ಅವಳು ಅದನ್ನು ಗೋಡೆಗೆ ಒತ್ತಿಹಿಡಿದು, ಅವನು ಬೆರಳಿಟ್ಟು ತೋರಿಸಿದಲ್ಲಿ ರುಜು ಹಾಕಿದಳು. ಬಡಗಿ ಬಾಗಿಲ ಹೊರಗೆ ಇಣುಕಿದ.

"ಗಾಡಿ ಬಂತು," ಎಂದ.

ಸ್ಟ್ರೆಚರಿಗೆ ನಾಲ್ಕು ಹಿಡಿ. ಫ್ಯಾಕ್ಟರಿಯ ಹೆಂಗಸರೇ ಎತ್ತುವುದೆಂದು ಮೊದಲೇ ಮಾತಾಗಿತ್ತು. ಕಾಲರಕ್ಕ ಬಗ್ಗಿ ತಲೆಯ ಬಲಗಡೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಳು. ಯಾರೂ ಬೇಡವೆನ್ನಲಿಲ್ಲ. ಎತ್ತಿದರು, ಬಾಗಿಲು ದಾಟಿದರು, ಮೆಟ್ಟಿಲಿನ ಜನ ಗೋಡೆಗೆ ಅಂಟಿ ದಾರಿ ಬಿಟ್ಟರು.

ಮೊದಲ ಮೆಟ್ಟಿಲಲ್ಲಿ ಹುಡುಗಿ ಬಂದು ಅವಳ ಪಕ್ಕ ನಿಂತಳು. ದೊಡ್ಡಮ್ಮನ ಮುಖ ನೋಡಲಿಲ್ಲ. ಒಂದು ಕೈಯಿಂದ ಭಾರಕ್ಕೆ ಆಸರೆ ಕೊಟ್ಟು, ಇನ್ನೊಂದರಿಂದ, ತಪ್ಪಿ ಬಿದ್ದ ಹೊಲಿಗೆ ಬಿಚ್ಚುವವರಂತೆ, ಹಿಡಿಯ ಸುತ್ತ ಬಿಗಿದಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೊನೆಗೆ ಹೆಬ್ಬೆರಳು ಬಿಡಿಸಿ, ಹಿಡಿಯನ್ನು ತಾನೇ ಹಿಡಿದಳು. ಸ್ಟ್ರೆಚರ್ ಒಂದಿಷ್ಟು ತೂಗಿ, ನೆಟ್ಟಗಾಗಿ, ಕೆಳಗಿಳಿಯಿತು.

ಒಬ್ಬೊಬ್ಬರಾಗಿ ಜನ ಅದರ ಹಿಂದೆ ಇಳಿದರು. ಹಸಿರು ಅಂಗಿ, ಗೆರೆಯ ಅಂಗಿ, ಮಗುವಿನ ಹಳದಿ ಅಂಗಿ. ಮೇಲಿನ ಮೆಟ್ಟಿಲಲ್ಲಿ ನಿಂತವಳಿಗೆ ಕಂಡದ್ದು ಕತ್ತುಗಳು ಮಾತ್ರ, ಪ್ರತಿ ಕತ್ತಿಗೂ ಅಳತೆಗೆ ಸರಿಯಾಗಿ ಕೂತ ಕಾಲರು. ಅವಳ ಬಲಗೈ, ಬೆರಳು ಮಡಚಿಕೊಂಡೇ, ಗಾಳಿಯಲ್ಲಿ ಹಾಗೇ ಉಳಿದಿತ್ತು.