ಚೆನ್ನಾಗಿದ್ದೀನಿ ಅಂದವನಿಗೆ ಸೊನ್ನೆ

ಆಲೂಗಡ್ಡೆ ಮೂಟೆ ಒಂದಕ್ಕೆ ಇಪ್ಪತ್ತೈದು ಕಿಲೋ. ನೆವಿಲ್ ದಿನಾ ಬೆಳಿಗ್ಗೆ ಇಪ್ಪತ್ತು ಮೂಟೆ ವ್ಯಾನಿನಿಂದ ಇಳಿಸುತ್ತಿದ್ದ, ಅದೂ ಹಾಡು ಹೇಳುತ್ತಾ. ಮೂವತ್ತೆಂಟು ವರ್ಷ ಇಳಿಸಿದ. ಕಳೆದ ಮಾರ್ಚಿನ ಒಂದು ಮಂಗಳವಾರ ಮೂರನೆಯ ಮೂಟೆ ಹೊತ್ತವನು ಅದರ ಜೊತೆ ತಾನೂ ನೆಲಕ್ಕಿಳಿದ. ಎಲೆಕೋಸಿನ ಬುಟ್ಟಿಗಳ ನಡುವೆ ಬಿದ್ದಿದ್ದಾನೆ, ಮುಖ ಬೂದಿ ಬಣ್ಣಕ್ಕೆ ತಿರುಗಿದೆ, ಆದರೂ ಬಾಯಿ ಮುಚ್ಚಲಿಲ್ಲ.

"ಯಾರೂ ಗಾಬರಿ ಬೀಳ್ಬೇಡಿ. ಕೋಸಿಗೇನೂ ಆಗಿಲ್ಲ."

ಅವನ ತರಕಾರಿ ಅಂಗಡಿಯ ಪಕ್ಕದ ಅಂಗಡಿ ನನ್ನದು. ಚೀಸು, ಮೊಟ್ಟೆ ಮಾರುತ್ತೇನೆ. ಹೆಸರು ಗ್ಲೆಂಡಾ. ಲ್ಯಾಂಕಶೈರಿನ ನಮ್ಮ ಊರಿನಲ್ಲಿ ನೂಲಿನ ಗಿರಣಿಗಳೆಲ್ಲ ಮುಚ್ಚಿ ಯಾವ ಕಾಲವಾಯಿತೋ, ಮಾರ್ಕೆಟ್ ಹಾಲ್ ಒಂದು ಉಳಿದಿದೆ. ಇಲ್ಲಿ ನಾವು ಯಾರ ಕೈಕೆಳಗಿನ ಆಳೂ ಅಲ್ಲ, ನಮಗೆ ನಾವೇ ಯಜಮಾನರು. ಕೇಳೋದಕ್ಕೆ ಎಷ್ಟು ಚೆಂದ! ಯಜಮಾನನಿಗೆ ಕಾಯಿಲೆ ಬರುವವರೆಗೆ ಚೆಂದವೇ.

ನೆವಿಲ್‌ಗೆ ಬಂದದ್ದು ಹೃದಯದ ಕಾಯಿಲೆ. ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿತ್ತು. "ಇನ್ನೊಂದು ಮೂಟೆ ಎತ್ತಿದ್ರೆ ಅದೇ ನಿಮ್ಮ ಕೊನೇ ಮೂಟೆ" ಎಂದು ಡಾಕ್ಟರಮ್ಮ ಮುಖಕ್ಕೆ ಹೇಳಿದಳು. ಕೆಲಸ ಮಾಡಲಾಗದು ಅಂತ ಚೀಟಿಯನ್ನೂ ಬರೆದುಕೊಟ್ಟಳು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಾಗಾಗಿ ಕೆಲಸ ಮಾಡಲಾಗದವರಿಗೆ ಸರ್ಕಾರ ಕೊಡುವ ಕಾಯಿಲೆ ಭತ್ಯೆ ಕೇಳೋಣ ಎಂದು ನನ್ನ ಅಂಗಡಿಯ ಹಿಂದೆ ಕೂತು ಕಚೇರಿಗೆ ಫೋನ್ ಮಾಡಿದ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ನಿಮ್ಮ ಯಜಮಾನರಿಂದ ಒಂದು ಪತ್ರ ಬೇಕು ಸರ್."

"ಯಜಮಾನ ನಾನೇ ಚಿನ್ನ."

"ಸರಿ ಸರ್. ಅವರಿಂದ ಒಂದು ಸಹಿ ಹಾಕಿಸಿ ಕಳಿಸಿ."

"ಅವನಿಗೆ ಮೈ ಸರಿಯಿಲ್ವಂತೆ" ಅಂದ ನೆವಿಲ್. ಆ ಹುಡುಗಿ ನಗಲಿಲ್ಲ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕಿದ್ದಕ್ಕೇ ಅವನಿಗೆ ಐದು ನಿಮಿಷ ಉಸಿರು ಸಿಗಲಿಲ್ಲ.

ಈಗ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ನಾನು ಹದಿನಾರರಲ್ಲಿ ಈ ಅಂಗಡಿಗೆ ಬಂದಾಗ ನಮ್ಮ ಸೋದರತ್ತೆ ಚೀಸ್ ಕೊಯ್ಯುವುದನ್ನು ಆಮೇಲೆ ಕಲಿಸಿದಳು. ಮೊದಲು ಕಲಿಸಿದ್ದು ಇದು: ಗಿರಾಕಿ ಹೇಗಿದ್ದೀಯ ಅಂದರೆ ಚೆನ್ನಾಗಿದ್ದೀನಿ ಅನ್ನು, ಅಷ್ಟೇ. ಹಲ್ಲು ಕೀಳಿಸಿಕೊಂಡು ಬಂದಿದ್ದರೂ ಅನ್ನು. ನಮ್ಮಮ್ಮ ಹೋದ ಮಾರನೇ ದಿನ ಒಂಬತ್ತಕ್ಕೆ ಅಂಗಡಿ ತೆರೆದು ಮೊದಲ ಗಿರಾಕಿಗೆ "ಫಸ್ಟ್ ಕ್ಲಾಸ್" ಅಂದವಳು ನಾನು. ಮಾರ್ಕೆಟ್ ಹಾಲ್‌ನಲ್ಲಿರುವ ಎಲ್ಲರೂ ಹೀಗೇ. ಅದರಲ್ಲಿ ನೆವಿಲ್ ನಮ್ಮೆಲ್ಲರಿಗೂ ಗುರು. ಅವನ ಉತ್ತರ ಊರಿಗೆಲ್ಲ ಗೊತ್ತಿತ್ತು: "ಇದಕ್ಕಿಂತ ಚೆನ್ನಾಗಿದ್ರೆ ಪೊಲೀಸ್ರು ಹಿಡ್ಕೊಂಡು ಹೋಗ್ತಾರೆ!"

ಜೂನಿನಲ್ಲಿ ಪರೀಕ್ಷೆಗೆ ಕರೆ ಬಂತು. ಕೆಲಸ ಮಾಡಲು ಆಗುತ್ತದೋ ಇಲ್ಲವೋ ಎಂದು ಕಚೇರಿಯವರು ತಮ್ಮ ಕಡೆಯ ಒಬ್ಬರಿಂದ ನೋಡಿಸುತ್ತಾರೆ. ಏನೇನು ಮಾಡಲಾಗದೋ ಅದಕ್ಕೆಲ್ಲ ಅವರು ಅಂಕ ಹಾಕುತ್ತಾರೆ. ಹದಿನೈದು ಬಂದರೆ ನೀನು ರೋಗಿ. ಡಾಕ್ಟರಮ್ಮನ ಚೀಟಿ ಅವರಿಗೆ ಸಾಲದು. ನೆವಿಲ್ ಮದುವೆಯ ಕೋಟು ಹಾಕಿಕೊಂಡು, ಷೂ ಪಾಲಿಷ್ ಮಾಡಿಕೊಂಡು ಒಬ್ಬನೇ ಹೋದ.

ವಾಪಸ್ಸು ಬಂದವನನ್ನು ಕೇಳಿದೆ, "ಹೇಗಾಯ್ತೋ?"

"ಪರೀಕ್ಷೆ ಮಾಡಿದವ್ಳು ಭಾಳ ಒಳ್ಳೇ ಹುಡುಗಿ ಕಣೆ. ಹತ್ತೇ ನಿಮಿಷಕ್ಕೆ ನಗಿಸ್ಬಿಟ್ಟೆ."

ಚೀಸ್ ಕೊಯ್ಯುವ ತಂತಿಯನ್ನು ಬದಿಗಿಟ್ಟು ಅವನ ಮುಖ ನೋಡಿದೆ.

ವರದಿ ಬಂದಾಗ ಎದುರಿನ ಬಟ್ಟೆ ಅಂಗಡಿಯ ಜುಲ್ಫಿ ಅದನ್ನು ಗಟ್ಟಿಯಾಗಿ ಓದಿದ. ಜುಲ್ಫಿಯ ಅಪ್ಪ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿದವನು. ಮಗ ಇಪ್ಪತ್ತು ವರ್ಷದಿಂದ ನಮ್ಮ ಜೊತೆ ಇದ್ದಾನೆ.

"'ಹೇಗಿದ್ದೀರಿ ಎಂದು ಕೇಳಿದಾಗ, ಇದಕ್ಕಿಂತ ಚೆನ್ನಾಗಿದ್ದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆಂದು ಅರ್ಜಿದಾರರು ತಿಳಿಸಿದರು.'" ಜುಲ್ಫಿ ತಲೆಯೆತ್ತಿದ. "ನೆವಿಲ್ ಭಾಯ್! ಅಲ್ಲೂ ಹೇಳಿದ್ಯಾ?"

"ಕೇಳಿದ್ಳಲ್ಲಪ್ಪ. ಬಾಯಿಗೆ ಬಂದ್ಬಿಡ್ತು."

"'ಅರ್ಜಿದಾರರು ಎರಡು ಮಹಡಿ ಮೆಟ್ಟಿಲು ಹತ್ತಿ ಬಂದರು.'"

"ಲಿಫ್ಟ್ ಕೆಟ್ಟಿತ್ತು. ಆರು ಕಡೆ ಕೂತ್ಕೊಂಡು ಹತ್ತಿದೆ."

"ಅದನ್ನ ಹೇಳಿದ್ಯಾ?"

"ಅದೆಲ್ಲ ಯಾಕೆ ಹೇಳ್ಬೇಕು? ಗೋಳಾಡೋಕೆ ಹೋಗಿದ್ನಾ ನಾನು?"

"ಗೋಳಾಡೋಕೇ ಹೋಗಿದ್ದು ಕಣೋ ಪೆದ್ದ!" ಎಂದು ನಾನು ಕೂಗಿದೆ. ಮೊಟ್ಟೆ ಕೊಳ್ಳಲು ನಿಂತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

ವರದಿಯಲ್ಲಿ ಇನ್ನೂ ಇತ್ತು: 'ಖಾಲಿ ರಟ್ಟಿನ ಡಬ್ಬ ಎತ್ತಬಲ್ಲರು. ಉಡುಪು ಅಚ್ಚುಕಟ್ಟು. ಹಾಸ್ಯಪ್ರಿಯರು.' ಒಟ್ಟು ಅಂಕ: ಸೊನ್ನೆ. ನನಗೆ ಸಿಟ್ಟು ಬಂದದ್ದು ಆ ಹುಡುಗಿಯ ಮೇಲಲ್ಲ. ಮೂವತ್ತೆಂಟು ವರ್ಷ ತೆರಿಗೆ ತೆಗೆದುಕೊಳ್ಳುವಾಗ ಯಾವ ಕಚೇರಿಯೂ ಇವನಿಗೆ ಅಂಕ ಹಾಕಿರಲಿಲ್ಲ. ಮರುಪರಿಶೀಲನೆಗೆ ಬರೆದೆವು. ಅದೇ ಕಾಗದ, ಬೇರೆ ತಾರೀಖಿನೊಂದಿಗೆ ವಾಪಸ್ಸು ಬಂತು. ನ್ಯಾಯಮಂಡಳಿಗೆ ಮೇಲ್ಮನವಿ ಹಾಕಿದೆವು. ಅದು ವಿಚಾರಣೆಗೆ ಬರುವಷ್ಟರಲ್ಲಿ ನವೆಂಬರ್ ಆಗಿತ್ತು.

ಅದಕ್ಕೂ ಮೊದಲು, ಅಕ್ಟೋಬರಿನಲ್ಲಿ ಒಂದು ದಿನ ಅವನ ಮನೆಗೆ ಸೂಪು ತೆಗೆದುಕೊಂಡು ಹೋದೆ. ಹೀಟರ್ ಹಾಕಿರಲಿಲ್ಲ. ಮದುವೆಯ ಕೋಟಿನ ಮೇಲೆ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದ.

"ಸೋಮವಾರದಿಂದ ವ್ಯಾನ್ ತೆಗೀತೀನಿ ಗ್ಲೆಂಡಾ. ಸಾಕು ಇದು."

"ಡಾಕ್ಟರಮ್ಮ ಏನಂದಿದ್ದಾಳೆ?"

"ಹದಿನೈದು ಅಂಕ ಬರ್ದೇ ಇರೋನು ಸಾಯಲ್ಲಂತೆ. ಸರ್ಕಾರಾನೇ ಬರೆದುಕೊಟ್ಟಿದೆ."

ಅವನು ಟೀ ಮಾಡಲು ಅಡುಗೆಮನೆಗೆ ಹೋದಾಗ ವ್ಯಾನಿನ ಕೀಲಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಅಂಗಡಿಗೆ ಬಂದು ಬಾತುಮೊಟ್ಟೆಯ ಹುಲ್ಲಿನಡಿ ಬಚ್ಚಿಟ್ಟೆ. ಕಳ್ಳತನ ಅಂತೀರಾ, ಅನ್ನಿ.

ಆಮೇಲೆ ನಾವು ಅವನಿಗೆ ಪಾಠ ಶುರುಮಾಡಿದೆವು. ಸಂಜೆ ಅಂಗಡಿ ಮುಚ್ಚಿದ ಮೇಲೆ ಜುಲ್ಫಿ ಕುತ್ತಿಗೆಗೆ ಪರದೆ ಬಟ್ಟೆ ಸುತ್ತಿಕೊಂಡು ನ್ಯಾಯಾಧೀಶನಾಗುತ್ತಿದ್ದ.

"ಹೇಗಿದ್ದೀರಿ, ನೆವಿಲ್ ಅವರೇ?"

"ಅರಳಿದ ಹೂಕೋಸಿನ ಹಾಗೆ!"

"ತಪ್ಪು. ಮತ್ತೆ ಹೇಳು. ಹೇಗಿದ್ದೀರಿ?"

"ಸುಮಾರಾಗಿ... ಚೆನ್ನಾಗಿದ್ದೀನಿ."

"ಥೂ ನಿನ್ನ!"

ಮೂರು ವಾರ ಹೀಗೇ ನಡೆಯಿತು. ಮೀನಿನವಳು, ಚಪ್ಪಲಿ ರಿಪೇರಿಯವನು, ಎಲ್ಲರೂ ಬಂದು ಪಾಠ ಹೇಳಿದರು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅವನ ಬಾಯಿಂದ ಮಾತ್ರ ಒಂದು ಸಲವೂ 'ಚೆನ್ನಾಗಿಲ್ಲ' ಹೊರಡಲಿಲ್ಲ.

ವಿಚಾರಣೆಯ ದಿನ ನಾನೂ ಜೊತೆಗೆ ಹೋದೆ. ಸಣ್ಣ ಕೋಣೆಯಲ್ಲಿ ಮೇಜಿನ ಆಚೆ ನ್ಯಾಯಾಧೀಶೆ, ಅವರ ಪಕ್ಕದಲ್ಲಿ ಒಬ್ಬ ವಯಸ್ಸಾದ ಡಾಕ್ಟರ್. ಡಾಕ್ಟರ್ ಕನ್ನಡಕ ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು, "ಹೇಗಿದ್ದೀರಿ, ನೆವಿಲ್?"

ಅವನ ಮುಖದಲ್ಲಿ ಅಂಗಡಿಯ ನಗು ಮೂಡಿತು. ಹೋಯ್ತು ಅಂದುಕೊಂಡೆ. "ಇದಕ್ಕಿಂತ ಚೆನ್ನಾಗಿದ್ರೆ..." ಅಂದ. ಮುಂದಕ್ಕೆ ಉಸಿರು ಸಾಲಲಿಲ್ಲ. ಬಾಯಿ ತೆರೆದೇ ಇದೆ, ಮಾತು ಬರುತ್ತಿಲ್ಲ. ಮೂವತ್ತೆಂಟು ವರ್ಷ ಮಾರ್ಕೆಟ್ ಹಾಲ್‌ನ ಆ ತುದಿಗೂ ಕೇಳುವ ಹಾಗೆ ಕೂಗಿದವನು ಆ ಕೋಣೆಯ ಗೋಡೆಗೂ ದನಿ ಮುಟ್ಟಿಸಲಾರದೆ ನನ್ನ ಕಡೆ ನೋಡಿದ. ನಾನು ಅವನ ಕೈ ಹಿಡಿದುಕೊಂಡೆ.

"ಚೆನ್ನಾಗಿಲ್ಲ" ಅಂದ.

ಆಮೇಲೆ ಅವನನ್ನು ನಿಲ್ಲಿಸುವುದೇ ಕಷ್ಟವಾಯಿತು. "ಮಂಚದ ಮೇಲೆ ಮಲಗಿ ಎಂಟು ತಿಂಗಳಾಯ್ತು ಸರ್. ಮಲಗಿದ್ರೆ ಮುಳುಗಿದ ಹಾಗಾಗುತ್ತೆ. ಕುರ್ಚೀಲೇ ನಿದ್ದೆ. ಸ್ನಾನ ಮಾಡಿದ ದಿನ ಅಡುಗೆ ಮಾಡೋಕಾಗಲ್ಲ. ಒಂದೊಂದ್ಸಲ ಮನೇಲಿ ಒಬ್ಬನೇ 'ಆಲೂಗಡ್ಡೇ' ಅಂತ ಕೂಗಿ ನೋಡ್ತೀನಿ. ಗಾಳಿ ಬರುತ್ತೆ, ಅಷ್ಟೇ."

"ಇದನ್ನು ಪರೀಕ್ಷೆಯ ದಿನ ಯಾಕೆ ಹೇಳಲಿಲ್ಲ?" ಎಂದು ನ್ಯಾಯಾಧೀಶೆ ಕೇಳಿದರು.

"ಎದೆ ನೋವು ಅನ್ನೋನ ಹತ್ರ ಕೋಸು ಯಾರು ತಗೋತಾರಮ್ಮ?"

ಡಾಕ್ಟರ್ ಪೆನ್ನು ಕೆಳಗಿಟ್ಟರು. ನಾನು ಅಳುತ್ತಿದ್ದೆ. ನಾಚಿಕೆಯೇನೂ ಆಗಲಿಲ್ಲ.

ಅರ್ಧ ಗಂಟೆಯಲ್ಲಿ ತೀರ್ಪು ಬಂತು. ಭತ್ಯೆ ಸಿಕ್ಕಿತು. ಅದೇ ಎದೆ, ಅದೇ ಡಾಕ್ಟರಮ್ಮನ ಚೀಟಿ, ಅವನ ಬಾಯಿಂದ ಬಂದ ಮಾತು ಮಾತ್ರ ಬೇರೆ. ಅದಕ್ಕಾಗಿ ಒಬ್ಬ ಮನುಷ್ಯ ಚಳಿಯಲ್ಲಿ ಕಂಬಳಿ ಹೊದ್ದು ಕಾಯಬೇಕಾಯಿತು. ಇದನ್ನು ಗೆಲುವು ಅನ್ನಲು ನನಗೆ ಮನಸ್ಸಿಲ್ಲ.

ಶನಿವಾರ ನೆವಿಲ್ ಮಾರ್ಕೆಟ್ ಹಾಲ್‌ಗೆ ಬಂದ, ಬರೀ ಕೂರಲು. ತನ್ನ ಖಾಲಿ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು, ಬೆಲೆ ಬರೆಯುತ್ತಿದ್ದ ಕರಿಹಲಗೆ ತೊಡೆಯ ಮೇಲಿಟ್ಟುಕೊಂಡು ಸೀಮೆಸುಣ್ಣದಲ್ಲಿ ದಪ್ಪಗೆ ಬರೆದ: 'ಹೇಗಿದ್ದೀರಿ ಅಂತ ಕೇಳಿದರೆ ಇಲ್ಲಿ ನಿಜ ಹೇಳಲಾಗುವುದು.' ಜುಲ್ಫಿ ಅದನ್ನು ಮೊಳೆಗೆ ತೂಗುಹಾಕಿದ.

ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಮೊಟ್ಟೆಗೆ ಬಂದಳು. ಮನೆಮನೆಗೆ ಹೋಗಿ ಕೂದಲು ಕತ್ತರಿಸುವವಳು, ನನಗೆ ಹತ್ತು ವರ್ಷದ ಗಿರಾಕಿ. ಯಾವಾಗಲೂ ಕೇಳುವ ಹಾಗೇ ಕೇಳಿದಳು.

"ಚೆನ್ನಾಗಿದ್ದೀಯಾ ಗ್ಲೆಂಡಾ?"

'ಫಸ್ಟ್ ಕ್ಲಾಸ್' ನಾಲಿಗೆಯ ತುದಿಗೆ ಬಂದಿತ್ತು. ಕೈಗವಸು ತೆಗೆದು ಬೆರಳು ತೋರಿಸಿದೆ. ಗಂಟುಗಳು ಊದಿಕೊಂಡು ಬಹಳ ದಿನವಾಗಿತ್ತು.

"ಇಲ್ಲ ಕಣೆ. ಬೆಳಿಗ್ಗೆ ಚೀಸಿನ ತಂತಿ ಹಿಡಿಯೋಕಾಗಲ್ಲ. ಒಂದು ವರ್ಷ ಆಯ್ತು."

ಎದುರಿಂದ ಜುಲ್ಫಿ ಕೂಗಿದ, "ನಂಗೆ ಬೆನ್ನು! ಬಟ್ಟೆ ರೋಲು ಎತ್ತಿ ಎತ್ತಿ ಹೋಗಿದೆ! ಹೆಂಡ್ತಿಗೂ ಹೇಳಿಲ್ಲ!"

ಅವಳು ನಗುತ್ತಾಳೆ ಅಂದುಕೊಂಡೆ. ಅವಳು ಹಲಗೆಯನ್ನು ಇನ್ನೊಮ್ಮೆ ಓದಿದಳು. ಚೀಲ ಕೆಳಗಿಟ್ಟಳು.

"ನೆವಿಲ್‌ಗೆ ಹಾಕಿದ ಹಾಗೇ ಆ ಪರೀಕ್ಷೇಲಿ ನಂಗೂ ಸೊನ್ನೆ ಹಾಕಿದ್ರು" ಅಂದಳು. "ಭುಜ ಎತ್ತೋಕಾಗಲ್ಲ ನಂಗೆ. ಅವತ್ತು ಲಿಪ್‌ಸ್ಟಿಕ್ ಹಾಕ್ಕೊಂಡು ಹೋಗಿದ್ದೆ. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ."

ನೆವಿಲ್ ಕುರ್ಚಿಯಿಂದಲೇ ಸೀಮೆಸುಣ್ಣ ಚಾಚಿದ. "ಬಾ ಚಿನ್ನ, ಹೆಸರು ಬರಿ. ಮೇಲ್ಮನವಿ ಹಾಕೋಣ. ಜಡ್ಜ್ ಪಾತ್ರಕ್ಕೆ ಜುಲ್ಫಿ ಇದ್ದಾನೆ."

ಅವಳು ಎಡಗೈಯಲ್ಲಿ ಬರೆದಳು, ಬಲಗೈ ಮೇಲೇಳಲಿಲ್ಲ. ಅವಳ ಹಿಂದೆ ನಿಂತಿದ್ದ ಟ್ಯಾಕ್ಸಿಯವನು ಸೀಮೆಸುಣ್ಣಕ್ಕೆ ಕೈಚಾಚಿದ. ಅಂದು ಅಂಗಡಿ ಮುಚ್ಚುವ ಹೊತ್ತಿಗೆ ಹಲಗೆಯಲ್ಲಿ ಜಾಗ ಉಳಿದಿರಲಿಲ್ಲ. ಉಳಿದವರ ಹೆಸರನ್ನು ನಾನು ಚೀಸು ಕಟ್ಟುವ ಕಾಗದದ ಮೇಲೆ ಬರೆದುಕೊಂಡೆ, ನಿಧಾನಕ್ಕೆ, ನೋವಿದ್ದ ಬೆರಳಲ್ಲೇ.