ಬ್ರೆಡ್ಡಿಗೊಂದು ಜೇಬು

ಬೆಣ್ಣೆಯ ಚಟಪಟ ನಿಂತಿತು, ಬಾಣಲೆ ಹದಕ್ಕೆ ಬಂದಿದೆ, ಆದರೆ ಈಗಲೇ ಹಾಕುವುದು ಬೇಡ, ಉರಿ ಸಣ್ಣಗಿರಲಿ, ಚಿಕ್ಕವಳು, ಮಗಳು, ಬರಲಿ — ಬರುತ್ತಾಳೆ, ಹನ್ನೊಂದಕ್ಕೆ ಬರ್ತೀನಿ ಅಂತ ತನ್ನ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದಾಳಂತೆ, ನನಗಲ್ಲ, ಎರಡು ವರ್ಷದಿಂದ ನನ್ನೊಡನೆ ಮಾತಿಲ್ಲ, ಆದರೂ ಬರುತ್ತಾಳೆ, ಫ್ರೆಂಚ್ ಟೋಸ್ಟ್ ಎಂದರೆ ಅವಳಿಗೆ ಜೀವ, ಒಳಗೆ ಚೀಸು, ಜಾಮು ತುಂಬಿದ್ದಾದರೆ ಕೇಳುವುದೇ ಬೇಡ. ಎರಡು ಬೆರಳು ದಪ್ಪದ ಬ್ರೆಡ್ ತುಂಡು, ಒಂದೇ ಅಂಚಿನಲ್ಲಿ ಚಾಕು ಇಳಿಸಬೇಕು, ಉಳಿದ ಮೂರು ಕಡೆ ಅರ್ಧ ಬೆರಳು ಬಿಡಬೇಕು, ಕೋಟಿಗೆ ಜೇಬು ಇಟ್ಟ ಹಾಗೇ, ಮೂವತ್ತು ವರ್ಷ ಟೈಲರ್ ಅಂಗಡಿಯಲ್ಲಿ ಮಾಡಿದ್ದು ಇದನ್ನೇ, ಅಕ್ಷರ ಬಾರದಿದ್ದಾಗಲೂ ಅಳತೆ ತಪ್ಪಿದವಳಲ್ಲ. ಅಮ್ಮಾ, ಇದು ಬ್ರೆಡ್ಡೋ ಪ್ಯಾಂಟೋ, ದೊಡ್ಡವನು ತಟ್ಟೆ ಒರೆಸುತ್ತ ಕೇಳುತ್ತಾನೆ, ತಿಂದು ನೋಡಪ್ಪ, ಬಿಗಿಯಾದ್ರೆ ಬಿಚ್ಚಿ ಕೊಡ್ತೀನಿ ಎನ್ನುತ್ತೇನೆ, ನಗುತ್ತಾನೆ, ಎರಡು ವರ್ಷದ ಹಿಂದೆ ಅವತ್ತೂ ಹೀಗೇ ನಗುತ್ತಿದ್ದ. ಇದೇ ಮೇಜು, ಇಂಥದೇ ಭಾನುವಾರ, ಸೊಸೆಯ ತಂದೆತಾಯಿಯೂ ಬಂದಿದ್ದರು, ನಾನು ಚಿಕ್ಕವಳ ನೀಲಿ ಕೋಟಿನ ಹರಿದ ಜೇಬು ಹೊಲಿಯುತ್ತಿದ್ದೆ, ನೀಲಿ ದಾರ ಮುಗಿದಿತ್ತು, ಇರಲಿ ಎಂದು ಬಿಳಿಯದನ್ನೇ ಪೋಣಿಸಿದೆ, ಜೇಬಿನೊಳಗೆ ಒಂದು ಕಾಗದ. ರಾತ್ರಿ ಶಾಲೆಗೆ ಸೇರಿ ಏಳು ತಿಂಗಳು, ಅಕ್ಷರ ಕಂಡಲ್ಲೆಲ್ಲ ಓದುವ ಹುಚ್ಚು, ಸೋಪಿನ ಪೊಟ್ಟಣ, ಔಷಧದ ಸೀಸೆ, ಬಸ್ಸಿನ ಬೋರ್ಡು, ಓದಮ್ಮಾ ಓದು ಎಂದು ದೊಡ್ಡವನ ಕುಮ್ಮಕ್ಕು ಬೇರೆ, ಎದ್ದು ನಿಂತು ಓದಿದೆ, ಮೇಷ್ಟ್ರು ಕಲಿಸಿದಂತೆ ಗಟ್ಟಿಯಾಗಿ, ಒಂದೊಂದೇ ಪದ — ತಮ್ಮನ್ನು, ಈ ದಿನದಿಂದ, ಕೆಲಸದಿಂದ — ಆಗೆಲ್ಲ ನನಗೆ ಪದ ಮೊದಲು ಸಿಗುತ್ತಿತ್ತು, ಅರ್ಥ ಹಿಂದಿನಿಂದ ಕುಂಟುತ್ತ ಬರುತ್ತಿತ್ತು, ತೆಗೆದುಹಾಕಲಾಗಿದೆ ಎನ್ನುವಷ್ಟರಲ್ಲಿ ಮೇಜಿನ ಸುತ್ತ ಎಲ್ಲರಿಗೂ ತಿಳಿದಿತ್ತು, ತಿಳಿಯದವಳು ನಾನೊಬ್ಬಳೇ, ಚಪ್ಪಾಳೆಗೆ ಕಾಯುತ್ತ ನಿಂತಿದ್ದೆ. ಕೈ ತೊಳೆಯಲು ಹೋಗಿದ್ದವಳು ಬಾಗಿಲಲ್ಲಿ ನಿಂತಿದ್ದಳು. ಓದೋದು ಕಲಿತಿದ್ದು ಇದಕ್ಕೇನಮ್ಮ, ಅಷ್ಟೇ ಅಂದಳು, ಕೋಟು ಕಿತ್ತುಕೊಂಡು ಹೋದಳು, ಹೊಲಿಗೆ ಅರ್ಧಕ್ಕೇ ನಿಂತಿತ್ತು, ಬಿಳಿ ದಾರದ ತುದಿಯಲ್ಲಿ ಸೂಜಿ ನೇತಾಡುತ್ತಿತ್ತು. ಆಮೇಲೆ ತುಟಿ ಆಡಿಸದೆ ಓದುವುದನ್ನು ಕಲಿತೆ, ಗಟ್ಟಿಯಾಗಿ ಒಂದು ಸಾಲೂ ಓದಿಲ್ಲ, ಮೊಮ್ಮಗಳಿಗೆ ಕಥೆ ಓದಲು ಹೋದರೂ ಆ ಸೂಜಿ ಕಣ್ಣೆದುರು ತೂಗುತ್ತದೆ, ಪುಸ್ತಕವನ್ನು ಸೊಸೆಯ ಕೈಗೆ ಕೊಟ್ಟುಬಿಡುತ್ತೇನೆ.

ಗಂಟೆ — ಬಾಗಿಲ ಗಂಟೆಯೇ, ದೊಡ್ಡವನು ಓಡಿದ, ನಾನು ಚೀಸು, ಜಾಮು ತುಂಬಿದ ಬ್ರೆಡ್ಡನ್ನು ಮೊಟ್ಟೆ ಬೆರೆಸಿದ ಹಾಲಿನಲ್ಲಿ ಅದ್ದಿ ಬೆಣ್ಣೆಗೆ ಬಿಟ್ಟೆ, ಜೇಬಿನ ಬಾಯಿ ಬಿಚ್ಚಿಕೊಳ್ಳದಿದ್ದರೆ ಸಾಕು, ಹೆಜ್ಜೆ ಅಡುಗೆಮನೆಯವರೆಗೂ ಬಂತು, ಎರಡು ಕೈಯಲ್ಲೂ ಹಣ್ಣಿನ ಬುಟ್ಟಿ, ಅದೇ ನೀಲಿ ಕೋಟು, ಸ್ವಲ್ಪ ದಪ್ಪಗಾಗಿದ್ದಾಳೆ, ಒಳ್ಳೆಯದು. ಸೀದು ಹೋಗುತ್ತಮ್ಮ, ತಿರುಗಿಸು, ಅನ್ನುತ್ತಾಳೆ, ಎರಡು ವರ್ಷದ ಮೇಲೆ ಮೊದಲ ಮಾತು ಇದು, ತಿರುಗಿಸಿದೆ, ಹೊಂಬಣ್ಣ, ಏನೂ ಸೋರಿಲ್ಲ. ಅವಳು ಬುಟ್ಟಿ ಎತ್ತಿ ತೋರಿಸುತ್ತಾಳೆ, ನನ್ನ ಕೈಗೆ ಬಿಡುವಿಲ್ಲ, ಜೇಬಲ್ಲಿ ಹೊಸ ಕೆಲಸದ ಕಾಗದ ಇದೆ, ನೀನೇ ತೆಗೆದು ಓದು, ಗಟ್ಟಿಯಾಗೇ ಓದಮ್ಮ. ಸೆರಗಿಗೆ ಕೈ ಒರೆಸುತ್ತೇನೆ, ಒಂದು ಸಲ, ಇನ್ನೊಂದು ಸಲ, ಅವಳ ಕೋಟಿನ ಜೇಬಿಗೆ ಕೈ ಹಾಕುತ್ತೇನೆ, ಕಾಗದ ಬೆರಳಿಗೆ ಸಿಕ್ಕಿತು, ಓದಬೇಕು, ಓದುತ್ತೇನೆ, ಆದರೆ ಇದು — ನಾನು ಅರ್ಧಕ್ಕೆ ಬಿಟ್ಟ ಹೊಲಿಗೆ, ಅಲ್ಲಿಂದಾಚೆಗೆ ಅಂಕುಡೊಂಕು, ಒಂದು ಉದ್ದ ಒಂದು ಗಿಡ್ಡ, ಸೂಜಿ ಹಿಡಿದು ಗೊತ್ತಿಲ್ಲದ ಇವಳದೇ ಕೈ, ಅದೂ ಬಿಳಿ ದಾರದಲ್ಲೇ, ನೀಲಿ ಕೋಟಿನ ಮೇಲೆ, ಬಿಳಿ ದಾರದಲ್ಲೇ —